ಪದವೂ ಪದಾರ್ಥವೂ

ಶಿಗ್ಲಿಯಿಂದ ಬರುವ ನಮ್ಮ ವಿದ್ಯಾರ್ಥಿಯೊಬ್ಬನು ಇಂಗ್ಲಿಷ್ ಕಥೆಯೊಂದನ್ನು ಓದಿ ನಮ್ಮನ್ನು ಕೇಳಿದನು: “ಸರ್, ಮನುಷ್ಯನು ತೋಳವಾಗುವುದು ಸುಳ್ಳೇ ಆದರೆ ಅದಕ್ಕೊಂದು ಹೆಸರೇಕೆ ಹುಟ್ಟಿತು?” ಪ್ರಶ್ನೆ ಚಿಕ್ಕದು, ಆದರೆ ವಿಜ್ಞಾನವನ್ನು ಓದುವವರೆಲ್ಲರೂ ಕೇಳಿಕೊಳ್ಳತಕ್ಕದ್ದು.

ಮೊದಲು ಆ ಹೆಸರನ್ನು ಬಿಡಿಸಿ ನೋಡೋಣ. ‘ವೇರ್‌ವುಲ್ಫ್’ ಎಂಬುದು ಹಳೆಯ ಇಂಗ್ಲಿಷಿನ ಜೋಡುಪದ. ‘ವೆರ್’ ಎಂದರೆ ಪುರುಷ. ‘ವುಲ್ಫ್’ ಎಂದರೆ ತೋಳ. ಭಾಷಾಶಾಸ್ತ್ರಜ್ಞರ ಪ್ರಕಾರ ‘ವೆರ್’ ಎಂಬುದು ಲ್ಯಾಟಿನಿನ ‘ವಿರ್’ಗೂ ಸಂಸ್ಕೃತದ ‘ವೀರ’ಕ್ಕೂ ಒಡಹುಟ್ಟು, ‘ವುಲ್ಫ್’ ಸಂಸ್ಕೃತದ ‘ವೃಕ’ಕ್ಕೆ ಒಡಹುಟ್ಟು. ಮೊದಲನೆಯದು ಗದುಗಿನ ವೀರನಾರಾಯಣನ ಹೆಸರಿನಲ್ಲಿಯೂ, ಎರಡನೆಯದು ಭೀಮಸೇನನ ‘ವೃಕೋದರ’ ಎಂಬ ಹೆಸರಿನಲ್ಲಿಯೂ ನಮಗೆ ಚಿರಪರಿಚಿತ. ತೋಳದಂಥ ಹೊಟ್ಟೆಯುಳ್ಳವನು ಎಂದ ಮಾತ್ರಕ್ಕೆ ಭೀಮನು ತೋಳವಾದನೆಂದು ಯಾರೂ ತಿಳಿಯಲಿಲ್ಲ. ಅವನ ಹಸಿವಿಗೆ ಹಾಕಿದ ಅಳತೆಯೆಂದೇ ತಿಳಿದರು.

ಭಾಷೆಯು ಎರಡು ಹೆಸರುಗಳನ್ನು ಜೋಡಿಸಬಲ್ಲದು. ಹೆಸರುಗಳು ಕೂಡಿದ ಮಾತ್ರಕ್ಕೆ ವಸ್ತುಗಳು ಕೂಡುವುದಿಲ್ಲ. ಮೊಲವೂ ಉಂಟು, ಕೊಂಬೂ ಉಂಟು. ಮೊಲದ ಕೊಂಬು ಮಾತ್ರ ಇಲ್ಲ. ನಮ್ಮ ತರ್ಕಶಾಸ್ತ್ರಜ್ಞರು ಇದನ್ನು ಬಹು ಹಿಂದೆಯೇ ಹೇಳಿದ್ದಾರೆ. ಗ್ರೀಕ್ ವೈದ್ಯರೂ ‘ತೋಳಮಾನವ’ ಎಂಬರ್ಥದ ತಮ್ಮ ಪದದಿಂದ ‘ಲೈಕಾಂತ್ರೊಪಿ’ ಎಂಬ ಹೆಸರನ್ನು ಮಾಡಿ, ತೋಳದಂತೆ ವರ್ತಿಸುವ ರೋಗಿಯ ಮನೋವ್ಯಾಧಿಗೆ ಅದನ್ನಿಟ್ಟರು. ತಾನು ಪ್ರಾಣಿಯಾದೆನೆಂಬ ಭ್ರಮೆಗೆ ಇಂದಿಗೂ ವೈದ್ಯರಲ್ಲಿ ಅದೇ ಹೆಸರು.

ಹೆಸರನ್ನೇ ವಸ್ತುವೆಂದು ನಂಬಿದಾಗ ಆಗುವ ಅನರ್ಥ ಅಲ್ಪವಲ್ಲ. 1589ರಲ್ಲಿ ಜರ್ಮನಿಯ ಬೆಡ್‌ಬುರ್ಗಿನಲ್ಲಿ ಪೀಟರ್ ಸ್ಟುಂಪ್ ಎಂಬವನು ಚಿತ್ರಹಿಂಸೆಗೆ ಅಂಜಿ, ತಾನು ತೋಳವಾಗಿ ಕೊಲೆ ಮಾಡಿದೆನೆಂದು ಒಪ್ಪಿಕೊಂಡನು. ಅವನನ್ನು ಕ್ರೂರವಾಗಿ ಕೊಂದರು. ಇದು ಹಳೆಯ ಕಾಲದ ಮಾತೆನ್ನೋಣವೇ? 1996ರಲ್ಲಿ ಉತ್ತರ ಪ್ರದೇಶದ ಪೂರ್ವಭಾಗದಲ್ಲಿ ತೋಳವು ಹಳ್ಳಿಯ ಮಕ್ಕಳನ್ನು ಹೊತ್ತೊಯ್ದಾಗ, ಬರುತ್ತಿರುವುದು ತೋಳವಲ್ಲ, ತೋಳದ ರೂಪದ ಮನುಷ್ಯನೆಂಬ ವದಂತಿ ಹಬ್ಬಿತು. ಜನರು ಅಪರಿಚಿತರನ್ನು ಹಿಡಿದು ಹೊಡೆದರು, ಪ್ರಾಣಗಳೂ ಹೋದವು. ಭಾರತೀಯ ವನ್ಯಜೀವಿ ಸಂಸ್ಥೆಯ ವೈ. ವಿ. ಝಾಲಾ ಮತ್ತು ಡಿ. ಕೆ. ಶರ್ಮಾ ಅವರು ಸಾಕ್ಷ್ಯಗಳನ್ನು ಪರೀಕ್ಷಿಸಿ, ಅದು ತೋಳದ ಕೆಲಸವೇ ಎಂಬ ನಿರ್ಣಯಕ್ಕೆ ಬಂದರು. ಇಲ್ಲದ ಪ್ರಾಣಿಯ ಬೆನ್ನು ಹತ್ತಿದವರಿಗೆ ಇರುವ ಪ್ರಾಣಿಯಿಂದ ಮಕ್ಕಳನ್ನು ಕಾಯುವುದು ಹೇಗೆ ಸಾಧ್ಯ?

ನಮ್ಮ ಜಿಲ್ಲೆಯಲ್ಲಿಯೂ ತೋಳಗಳುಂಟು. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡವು ಅವುಗಳ ನೆಲೆಗಳಲ್ಲಿ ಒಂದು. ದೇಶದಲ್ಲೆಲ್ಲ ಸುಮಾರು 3,000 ತೋಳಗಳು ಮಾತ್ರ ಉಳಿದಿವೆಯೆಂದು ಅಂದಾಜು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅವುಗಳಿಗೆ ರಕ್ಷಣೆ ಕೊಟ್ಟಿದೆ. ಕುರಿ ಕಳೆದುಕೊಂಡವನ ನಷ್ಟವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ಕುರಿಗಾಹಿಯು ತೋಳವನ್ನು ತೋಳವೆಂದೇ ಬಲ್ಲನು. ಆದ್ದರಿಂದಲೇ ದೊಡ್ಡಿಗೆ ಮುಳ್ಳುಬೇಲಿ ಹಾಕಿ, ನಾಯಿಗಳನ್ನಿಟ್ಟುಕೊಂಡು ಇರುಳೆಲ್ಲ ಕಾಯುತ್ತಾನೆ.

ನಮ್ಮ ವಿದ್ಯಾರ್ಥಿಗೆ ಕೊಟ್ಟ ಉತ್ತರ ಇಷ್ಟೇ: ಹೆಸರು ಹುಟ್ಟಲು ಭಯವೊಂದೇ ಸಾಕು, ವಸ್ತುವನ್ನು ಒಪ್ಪಲು ಸಾಕ್ಷ್ಯ ಬೇಕು. ಪದವನ್ನು ಕೇಳಿದೊಡನೆ ಪದಾರ್ಥವನ್ನು ತೋರಿಸೆಂದು ಕೇಳುವ ಧೈರ್ಯ ನಮ್ಮ ತರುಣರಿಗೆ ಬರಲಿ.