ಕೂಸಿನ ಮೂರ್ಛೆ, ತಾಯಿಯ ಮೇಲಣ ಅಪವಾದ

ಎಳೆಯ ಕೂಸಿಗೆ ಜ್ವರದೊಡನೆ ಮೂರ್ಛೆ ಬಂದು, ಅದು ಮತ್ತೆ ಮತ್ತೆ ಮರುಕಳಿಸಿತೆಂದರೆ ಹಿರಿಯರು ಮೊದಲು ಕೇಳುವುದು, 'ತಾಯಿಯ ತವರಿನಲ್ಲಿ ಈ ಬೇನೆ ಯಾರಿಗಿತ್ತು?' ಎಂದು. ಈ ಮಾತನ್ನು ನಾವು ಅನೇಕ ಮನೆಗಳಲ್ಲಿ ಕೇಳಿದ್ದೇವೆ. ಸೊಸೆಯಾದವಳು ತಲೆ ತಗ್ಗಿಸಿ ನಿಂತುದನ್ನೂ ಕಂಡಿದ್ದೇವೆ. ಈ ಪ್ರಶ್ನೆಗೆ ವಿಜ್ಞಾನವು ಕೊಟ್ಟಿರುವ ಉತ್ತರವನ್ನು ಸದ್ಭಕ್ತರು ಅರಿಯುವುದು ಅವಶ್ಯವಾಗಿದೆ.

ನರಕೋಶದ ಪೊರೆಯಲ್ಲಿ ಪ್ರೋಟೀನಿನಿಂದಾದ ಅತಿ ಸೂಕ್ಷ್ಮ ದ್ವಾರಗಳಿವೆ. ಇವು ಸೋಡಿಯಮ್ಮಿನ ವಿದ್ಯುತ್ಕಣಗಳನ್ನು, ಅಂದರೆ ಅಯಾನುಗಳನ್ನು, ಕ್ಷಣಮಾತ್ರ ಒಳಬಿಟ್ಟು ಮುಚ್ಚಿಕೊಳ್ಳುತ್ತವೆ. ನರದ ಸಂಜ್ಞೆ ಹುಟ್ಟುವುದು ಹೀಗೆ. 1984ರಲ್ಲಿ ಜಪಾನಿನ ಶೋಸಾಕು ನುಮಾ ಹಾಗೂ ಸಂಗಡಿಗರು ಇಂಥ ದ್ವಾರದ ಪೂರ್ಣ ರಚನೆಯನ್ನು ಮೊದಲು ಓದಿದ್ದು ಮನುಷ್ಯನಲ್ಲಲ್ಲ, ವಿದ್ಯುತ್ತನ್ನು ಹೊಮ್ಮಿಸುವ ಒಂದು ಮೀನಿನಲ್ಲಿ! ಅನಂತರ ಮನುಷ್ಯನ ಮಿದುಳಿನ ದ್ವಾರಗಳನ್ನು ನಿರ್ಮಿಸುವ ವಂಶವಾಹಿಗಳೂ ಒಂದೊಂದಾಗಿ ಗೋಚರಿಸಿದವು. ಎರಡನೆಯ ವರ್ಣತಂತುವಿನಲ್ಲಿರುವ ಎಸ್‌ಸಿಎನ್1ಎ ಎಂಬುದು ಅವುಗಳಲ್ಲೊಂದು.

ವರ್ಷ ತುಂಬುವ ಮೊದಲೇ ಜ್ವರದೊಡನೆ ತೊಡಗಿ, ಮುಂದೆ ಬುದ್ಧಿಯ ಬೆಳವಣಿಗೆಯನ್ನೂ ಕುಂಠಿತಗೊಳಿಸುವ ಒಂದು ಕಠಿಣ ಮೂರ್ಛೆರೋಗವನ್ನು ಫ್ರಾನ್ಸಿನ ವೈದ್ಯೆ ಷಾರ್ಲೊಟ್ ಡ್ರಾವೆ 1978ರಲ್ಲಿ ವಿವರಿಸಿದ್ದರು. 2001ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರು ಈ ರೋಗವುಳ್ಳ 7 ಮಕ್ಕಳನ್ನು ಪರೀಕ್ಷಿಸಲಾಗಿ, ಏಳು ಮಂದಿಯಲ್ಲಿಯೂ ಎಸ್‌ಸಿಎನ್1ಎ ಕೆಟ್ಟಿತ್ತು. ತಂದೆತಾಯಿಗಳಲ್ಲಿ ಆ ದೋಷವಿರಲಿಲ್ಲ. ಅದು ಮಕ್ಕಳಲ್ಲಿಯೇ ಹೊಸದಾಗಿ ಮೂಡಿತ್ತು. ಬಹುಪಾಲು ಮಕ್ಕಳಲ್ಲಿ ಹೀಗೆಯೇ ಎಂಬುದು ಆಮೇಲಿನ ಅಧ್ಯಯನಗಳಿಂದಲೂ ದೃಢಪಟ್ಟಿದೆ. ಕೆಲವೆಡೆ ಹೆತ್ತವರಿಂದ ಬರುವುದೂ ಉಂಟು. ಆದರೆ ಅದು ತಂದೆಯಿಂದಲೂ ಬರಬಹುದೆಂಬುದನ್ನು ತವರಿನ ವಿಚಾರಣೆಗೆ ಹೊರಟವರು ಮರೆತಿರುತ್ತಾರೆ.

ದ್ವಾರವು ಕೆಟ್ಟು ಕಣಗಳು ಒಳಬಾರದಿದ್ದರೆ ನರವು ಸುಮ್ಮನಾಗಬೇಕು, ಮೂರ್ಛೆಯೇಕೆ? ಈ ಸಂದೇಹ ನಮ್ಮನ್ನೂ ಬಹುಕಾಲ ಕಾಡಿತು. ಇಲಿಗಳಲ್ಲಿ ನಡೆಸಿದ ಪ್ರಯೋಗಗಳು 2006ರಲ್ಲಿ ಇದನ್ನು ಬಿಡಿಸಿದವು. ಈ ದ್ವಾರಕ್ಕೆ ಹೆಚ್ಚಿನ ಕೆಲಸವಿರುವುದು ಇತರ ನರಗಳನ್ನು ಅಂಕೆಯಲ್ಲಿಡುವ ನರಗಳಲ್ಲಿ. ಅವು ಸೋತರೆ ಮಿಕ್ಕವು ಕಡಿವಾಣವಿಲ್ಲದ ಕುದುರೆಗಳಂತಾಗುತ್ತವೆ.

ಆದಕಾರಣವೇ, ಮೂರ್ಛೆಗೆ ಸಾಮಾನ್ಯವಾಗಿ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್ ಮುಂತಾದ, ಸೋಡಿಯಂ ದ್ವಾರವನ್ನು ತಡೆಯುವ ಔಷಧಗಳು ಈ ಮಕ್ಕಳಲ್ಲಿ ರೋಗವನ್ನು ಉಲ್ಬಣಗೊಳಿಸಬಹುದು. ಇದನ್ನೋದಿ ಯಾರೂ ತಾವಾಗಿ ಮಾತ್ರೆಯನ್ನು ನಿಲ್ಲಿಸಬಾರದು. ಹಠಾತ್ತನೆ ನಿಲ್ಲಿಸುವುದೂ ಅಪಾಯಕರವೇ. ಜ್ವರದ ಮೂರ್ಛೆಗಳಲ್ಲಿ ಹೆಚ್ಚಿನವು ಈ ರೋಗವಲ್ಲ, ವಯಸ್ಸಾದಂತೆ ತಾವೇ ನಿಂತುಹೋಗುತ್ತವೆ. ಆದರೆ ವರ್ಷದೊಳಗಿನ ಕೂಸಿಗೆ ದೀರ್ಘವಾದ ಮೂರ್ಛೆ ಪದೇ ಪದೇ ಬರುತ್ತಿದ್ದರೆ, ವಂಶವಾಹಿಯ ಪರೀಕ್ಷೆ ಬೇಕೇ ಎಂದು ನರರೋಗ ತಜ್ಞರನ್ನು ಕೇಳಿರಿ. ಆಗ ತಾಯಿಯೊಬ್ಬಳನ್ನೇ ಕಳುಹಿಸದೆ, ಮನೆಯ ಹಿರಿಯರೂ ಜೊತೆಗೆ ಹೋಗಿ ವೈದ್ಯರ ಮಾತನ್ನು ಕಿವಿಯಾರೆ ಕೇಳಿ ಬರಬೇಕೆಂದು ನಮ್ಮ ಕೋರಿಕೆ.