ಕಣ್ಣಿಗೆ ಕಾಣುವ, ಕೈಗೆ ಸಿಗದ ಸರಕು: ವಿಮಾನ ನಿಲ್ದಾಣಗಳ ‘ಸೀನರಿ’ ಮತ್ತು ದಾವಣಗೆರೆಯ ಅವಕಾಶ

ದಾವಣಗೆರೆ–ಹರಿಹರದ ವರ್ತಕ ಸಮುದಾಯಕ್ಕೆ ಸರಕೆಂದರೆ ತಕ್ಕಡಿಗೆ ಬರುವಂಥದು. ಹತ್ತಿ, ನೂಲು, ಅಕ್ಕಿ, ಮೆಕ್ಕೆಜೋಳ, ಮಂಡಕ್ಕಿ, ಯಂತ್ರದ ಬಿಡಿಭಾಗ – ಇವೆಲ್ಲಕ್ಕೂ ತೂಕವುಂಟು, ಗೋದಾಮು ಬೇಕು, ಲಾರಿ ಬಾಡಿಗೆಯುಂಟು. ತೂಕವಿಲ್ಲದ, ಗೋದಾಮು ಬೇಡದ, ಒಮ್ಮೆ ತಯಾರಿಸಿದರೆ ಎಷ್ಟು ಸಲ ಮಾರಿದರೂ ದಾಸ್ತಾನು ಮುಗಿಯದ ಸರಕೊಂದು ಹೊರದೇಶಗಳಲ್ಲಿ ಅನೇಕ ವರ್ಷಗಳಿಂದ ಕ್ರಯವಿಕ್ರಯವಾಗುತ್ತಿದೆ. ಅದು ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರಿಗಾಗಿ ಸಿದ್ಧಪಡಿಸುವ ವಿಮಾನ ನಿಲ್ದಾಣಗಳ ‘ಸೀನರಿ’. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವ ಮುನ್ನ ಇದರ ಜಮಾ–ಖರ್ಚನ್ನೊಮ್ಮೆ ಪರಿಶೀಲಿಸುವುದು ಉಚಿತ.

‘ಸೀನರಿ’ ಎಂಬ ಮಾತು ಈ ಊರಿಗೆ ಹೊಸದಲ್ಲ. ವೃತ್ತಿ ನಾಟಕ ಕಂಪನಿಗಳ ಕಾಲದಲ್ಲಿ ಅರಮನೆ, ಕಾಡು, ಬೀದಿಗಳನ್ನು ಬಟ್ಟೆಯ ಮೇಲೆ ಬರೆದ ಪರದೆಗಳಿಗೆ ಇದೇ ಹೆಸರಿತ್ತು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ನಾಡಿಗೆ ಕೊಟ್ಟ ದಾವಣಗೆರೆಯಲ್ಲಿ ಸೀನರಿಯೂ ಒಂದು ಬಂಡವಾಳವೆಂಬುದು ಹಿರಿಯರಿಗೆ ತಿಳಿದ ಸಂಗತಿ. ಪರದೆ ಬರೆದ ಕಲಾವಿದನಿಗೆ ಕೂಲಿ ಒಂದೇ ಸಲ; ಆ ಪರದೆಯ ಮುಂದೆ ನಡೆದ ಆಟಗಳ ಗಲ್ಲಾ ಮಾತ್ರ ವರ್ಷಗಟ್ಟಲೆ. ಇಂದಿನ ಸೀನರಿಯ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ.

ಸರಕಿನ ಸ್ವರೂಪ

ಮೈಕ್ರೋಸಾಫ್ಟ್ ಸಂಸ್ಥೆಯ ಫ್ಲೈಟ್ ಸಿಮ್ಯುಲೇಟರ್ ಮೊದಲು ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಬಹುಕಾಲ ಬಳಕೆಯಲ್ಲಿದ್ದ ‘ಎಕ್ಸ್’ ಆವೃತ್ತಿ 2006ರಲ್ಲಿ ಹೊರಬಂತು. ಫ್ರಾನ್ಸಿನ ಬೋರ್ಡೋ ನಗರದ ಅಸೋಬೋ ಸ್ಟುಡಿಯೋ ನಿರ್ಮಿಸಿದ ಹೊಸ ಆವೃತ್ತಿಗಳು 2020ರ ಆಗಸ್ಟ್ ಹಾಗೂ 2024ರ ನವೆಂಬರ್ ತಿಂಗಳುಗಳಲ್ಲಿ ಬಿಡುಗಡೆಯಾದವು. 2020ರ ಆವೃತ್ತಿಯಲ್ಲಿ ಉಪಗ್ರಹ ಚಿತ್ರಗಳ ಆಧಾರದಿಂದ ಇಡೀ ಭೂಮಂಡಲವನ್ನೂ, 37,000ಕ್ಕೂ ಹೆಚ್ಚು ವಿಮಾನ ನಿಲ್ದಾಣಗಳನ್ನೂ ತೋರಿಸಲಾಯಿತು. ಆದರೆ ಅವುಗಳಲ್ಲಿ ಕುಶಲಿಗಳು ಕೈಯಾರೆ ರೂಪಿಸಿದವು ಕೇವಲ 30. ಹೆಚ್ಚಿನ ಬೆಲೆಯ ಆವೃತ್ತಿ ಕೊಂಡವರಿಗೆ 40. ಉಳಿದವನ್ನು ಯಂತ್ರವೇ ಅಂದಾಜಿನ ಮೇಲೆ ಜೋಡಿಸಿತ್ತು. ಈ ಅಂದಾಜಿಗೂ ನಿಜರೂಪಕ್ಕೂ ನಡುವಿನ ಅಂತರವೇ ಸೀನರಿ ತಯಾರಕನ ಮಾರುಕಟ್ಟೆ. ಒಂದು ನಿಲ್ದಾಣದ ಸೀನರಿ ಸಾಮಾನ್ಯವಾಗಿ ಹತ್ತಿಪ್ಪತ್ತು ಡಾಲರುಗಳ ಆಸುಪಾಸಿನಲ್ಲಿ ಮಾರಾಟವಾಗುತ್ತದೆ.

ಕೈಯಾರೆ ರೂಪಿಸಿದ ಆ ಪಟ್ಟಿಯಲ್ಲಿ ನ್ಯೂಯಾರ್ಕ್, ಪ್ಯಾರಿಸ್‌ಗಳ ಜೊತೆಗೇ ಅಲಾಸ್ಕಾದ ನಾನ್ವಾಲೆಕ್, ಕೆನಡಾದ ಸ್ಟೀವರ್ಟ್, ನೇಪಾಳದ ಲುಕ್ಲಾಗಳೂ ಇದ್ದವೆಂಬುದು ಗಮನಾರ್ಹ. ಲುಕ್ಲಾದ ರನ್‌ವೇ ಉದ್ದ ಕೇವಲ 527 ಮೀಟರ್. ಅದು ಇರುವುದು 2,845 ಮೀಟರ್ ಎತ್ತರದಲ್ಲಿ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ ಎಂದೂ ಕರಗದ ಹೆಪ್ಪುನೆಲದ ಮೇಲೆ ಕಟ್ಟಿದ, 1975ರಲ್ಲಿ ತೆರೆದ ಲಾಂಗ್‌ಇಯರ್‌ಬೈನ್ ನಿಲ್ದಾಣಕ್ಕೂ ಇಂಥ ಹವ್ಯಾಸಿಗಳಲ್ಲಿ ಬೇಡಿಕೆಯುಂಟು. ಜನವಸತಿಯೇ ವಿರಳವಾದ ಉತ್ತರದ ಈ ನಿಲ್ದಾಣಗಳಿಗೆ ಗಿರಾಕಿಗಳಿರುವುದೇಕೆ? ನಿಜಜೀವನದಲ್ಲಿ ಹೋಗಲಾಗದ, ಇಳಿಯಲು ಕಷ್ಟವಾದ ಜಾಗವೇ ಹವ್ಯಾಸಿಯನ್ನು ಸೆಳೆಯುತ್ತದೆ ಎಂಬುದು ಒಂದು ಕಾರಣ. ವ್ಯಾಪಾರದ ದೃಷ್ಟಿಯಿಂದ ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ಮಹಾನಗರದ ನಿಲ್ದಾಣವೊಂದಕ್ಕೆ ನೂರಾರು ಕಟ್ಟಡಗಳ ಮಾದರಿ ಬೇಕು, ದೊಡ್ಡ ತಂಡ ಬೇಕು. ಒಂದು ರನ್‌ವೇ, ಒಂದು ಷೆಡ್ಡು, ಗಾಳಿಯ ದಿಕ್ಕು ತೋರಿಸುವ ಒಂದು ಬಟ್ಟೆಚೀಲ, ಹಿಂದೊಂದು ಗುಡ್ಡವಿರುವ ಕಿರು ನಿಲ್ದಾಣವನ್ನು ಇಬ್ಬರೇ ಕುಳಿತು ಅಚ್ಚುಕಟ್ಟಾಗಿ ಮುಗಿಸಬಲ್ಲರು. ಅಂದರೆ, ಸಣ್ಣ ಬಂಡವಾಳದವನಿಗೆ ಸಣ್ಣ ನಿಲ್ದಾಣವೇ ಸರಿಯಾದ ಸರಕು.

ಕರ್ನಾಟಕದ ಮಟ್ಟಿಗೆ

ಆ 40 ನಿಲ್ದಾಣಗಳ ಪಟ್ಟಿಯಲ್ಲಿ ಭಾರತದ್ದು ಒಂದೂ ಇರಲಿಲ್ಲ. ಇತ್ತ ಕರ್ನಾಟಕದಲ್ಲಿಯೇ ಕಳೆದ ಕೆಲವು ವರ್ಷಗಳಲ್ಲಿ ಹೊಸ ನಿಲ್ದಾಣಗಳು ತಲೆಯೆತ್ತಿವೆ. ಕಲಬುರಗಿ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಗೊಂಡಿತು. ಬೀದರಿನ ವಾಯುಪಡೆ ನೆಲೆಯಿಂದ ನಾಗರಿಕ ವಿಮಾನ ಸಂಚಾರ 2020ರ ಫೆಬ್ರವರಿಯಲ್ಲಿ ಆರಂಭಗೊಂಡಿತು. ಶಿವಮೊಗ್ಗದ ಸೋಗಾನೆಯಲ್ಲಿ ಕಮಲದಾಕಾರದ ನಿಲ್ದಾಣ 2023ರ ಫೆಬ್ರವರಿ 27ರಂದು ಲೋಕಾರ್ಪಣೆಯಾಯಿತು.

ಇಂಥ ನಿಲ್ದಾಣಗಳ ಸುತ್ತಲಿನ ನೆಲವನ್ನು ಯಂತ್ರಕ್ಕೆ ಬಿಟ್ಟರೆ ಅದು ಕಲಬುರಗಿಯ ತೊಗರಿ ಹೊಲದಲ್ಲಿ ಪರದೇಶದ ಮರಗಳನ್ನು ನೆಟ್ಟೀತು, ಶಹಾಬಾದಿ ಕಲ್ಲಿನ ಮಾಳಿಗೆ ಮನೆಗೆ ಇಳಿಜಾರಿನ ಛಾವಣಿ ಹೊದಿಸೀತು. ಸಾರ್ವಜನಿಕವಾಗಿ ದೊರೆಯುವ ಎತ್ತರದ ಅಳತೆಗಳು ಬಹುತೇಕ 2000ನೆಯ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ಷಟಲ್ ರೇಡಾರಿನಿಂದ ಪಡೆದವು; ಅವುಗಳಲ್ಲಿ ಬಿಂದುವಿನಿಂದ ಬಿಂದುವಿಗೆ ಅಂತರ ಸುಮಾರು 30 ಮೀಟರ್. ಅಷ್ಟರಲ್ಲಿ ಬಂಡೆ, ಕೊರಕಲು, ಕೆರೆಯ ಏರಿಗಳೆಲ್ಲ ಸವೆದು ಹೋಗುತ್ತವೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಆ ನುಣುಪನ್ನು ತಿದ್ದಬಲ್ಲವನು ಆ ನೆಲದಲ್ಲಿ ನಡೆದಾಡಿದವನೇ. ಈ ಸ್ಥಳಜ್ಞಾನವೇ ಕನ್ನಡ ನಾಡಿನ ತಯಾರಕನಿಗಿರುವ ಅನುಕೂಲ. ಹಣ ಕೊಟ್ಟರೂ ಹೊರಗಿನವರಿಗೆ ಇದು ಸುಲಭವಾಗಿ ದೊರೆಯದು.

ದಾವಣಗೆರೆಯಲ್ಲಿ 1951ರ ಯು.ಬಿ.ಡಿ.ಟಿ., 1979ರ ಬಾಪೂಜಿ ತಾಂತ್ರಿಕ ವಿದ್ಯಾಲಯಗಳಿವೆ. ಇವುಗಳ ಜೊತೆಗೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯವೂ ಉಂಟು. ಗಣಿತ ಬಲ್ಲವನೂ ಕುಂಚ ಬಲ್ಲವನೂ ಒಂದೇ ಊರಿನಲ್ಲಿ ಸಿಗುವುದು ಈ ಉದ್ಯಮಕ್ಕೆ ಅತ್ಯಗತ್ಯ. ಮಾದರಿ ರಚಿಸುವ ‘ಬ್ಲೆಂಡರ್’ ತಂತ್ರಾಂಶ ಉಚಿತ. ಸೀನರಿ ಜೋಡಿಸುವ ಸಲಕರಣೆಗಳನ್ನು ಸಿಮ್ಯುಲೇಟರ್ ಸಂಸ್ಥೆಗಳೇ ಉಚಿತವಾಗಿ ಒದಗಿಸುತ್ತವೆ. ಹೀಗಿದ್ದೂ ಈ ಕಾಲೇಜುಗಳ ಪದವೀಧರರು ಬೆಂಗಳೂರಿನ ಬಸ್ಸು ಹತ್ತುವುದು ತಪ್ಪಿಲ್ಲ.

‘ದಾವಣಗೆರೆಗೇ ವಿಮಾನ ನಿಲ್ದಾಣವಿಲ್ಲ, ಇನ್ನು ಪರರ ನಿಲ್ದಾಣದ ಚಿತ್ರ ಬರೆದು ಆಗಬೇಕಾದುದೇನು?’ ಎಂಬ ಆಕ್ಷೇಪಣೆ ಸಹಜ. ನಿಲ್ದಾಣದ ಬೇಡಿಕೆ ನ್ಯಾಯವಾದುದೇ. ಅದಕ್ಕೆ ಚಿತ್ರ ಪರ್ಯಾಯವಾಗಲಾರದು. ಆದರೆ ಆ ನಿಲ್ದಾಣಕ್ಕೆ ನೂರಾರು ಎಕರೆ ಭೂಮಿ, ಸರ್ಕಾರದ ಅನುಮೋದನೆ, ವರ್ಷಗಳ ಕಾಯುವಿಕೆ ಬೇಕು. ಈ ಕಸುಬಿಗೆ ಬೇಕಾದುದು ಒಂದು ಕೊಠಡಿ ಹಾಗೂ ಎರಡು ಉತ್ತಮ ಕಂಪ್ಯೂಟರ್. ಒಂದಕ್ಕಾಗಿ ಇನ್ನೊಂದನ್ನು ಕೈಬಿಡಬೇಕಾದ ಪ್ರಮೇಯವೇ ಇಲ್ಲ.

ಜಮಾ–ಖರ್ಚು

ಉದಾಹರಣೆಗೆ, ಇಬ್ಬರು ಯುವಕರು ತಿಂಗಳಿಗೆ ತಲಾ ರೂ. 25,000ದಂತೆ ಐದು ತಿಂಗಳು ದುಡಿದು ಒಂದು ಸೀನರಿ ಸಿದ್ಧಪಡಿಸಿದರೆಂದು ಭಾವಿಸೋಣ. ಕೂಲಿಯ ಬಾಬ್ತು ರೂ. 2,50,000, ಕಂಪ್ಯೂಟರಿನ ಸವಕಳಿ, ವಿದ್ಯುತ್ತು, ಪ್ರಯಾಣಕ್ಕೆ ರೂ. 50,000, ಒಟ್ಟು ರೂ. 3,00,000. ಪ್ರತಿಯೊಂದಕ್ಕೆ ರೂ. 900 ಬೆಲೆಯಿಟ್ಟು, ಆನ್‌ಲೈನ್ ಅಂಗಡಿಯ ದಲ್ಲಾಳಿ ಹಾಗೂ ಬ್ಯಾಂಕ್ ಶುಲ್ಕ ಕಳೆದು ರೂ. 600 ಕೈಸೇರಿದರೆ 500 ಪ್ರತಿಗೆ ಅಸಲು ಹುಟ್ಟುತ್ತದೆ. 501ನೆಯ ಪ್ರತಿಗೆ ತಯಾರಿಕಾ ವೆಚ್ಚ ಬಹುತೇಕ ಸೊನ್ನೆ. ಆದರೆ 500 ಪ್ರತಿ ಮಾರಾಟವಾಗದಿದ್ದರೆ ಉಳಿದದ್ದನ್ನು ಗುಜರಿಗೂ ಹಾಕುವಂತಿಲ್ಲ. ಲಾಭದ ಜೊತೆಗೆ ಈ ಅಪಾಯವನ್ನೂ ಬಾಲಕರ ಪೋಷಕರು ಅರಿತಿರುವುದು ಒಳಿತು.

ಲೆಕ್ಕಪತ್ರದಲ್ಲಿ ಇದನ್ನು ತೋರಿಸುವ ಬಗೆಯೂ ಮುಖ್ಯ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಶೋಧನೆಯ ಹಂತದ ವೆಚ್ಚವನ್ನು ಆಯಾ ವರ್ಷದ ಖರ್ಚಿಗೇ ಹಾಕಬೇಕು. ಅಭಿವೃದ್ಧಿ ಹಂತದ ವೆಚ್ಚವನ್ನು ಮಾತ್ರ, ನಿಗದಿತ ಷರತ್ತುಗಳು ಪೂರೈಸಿದಲ್ಲಿ, ಅಮೂರ್ತ ಆಸ್ತಿಯಾಗಿ ತೋರಿಸಬಹುದು. ಆಯುಷ್ಯ ಹತ್ತು ವರ್ಷ ಮೀರದೆಂಬುದು ಆ ಮಾನದಂಡದ ಸಾಮಾನ್ಯ ಗ್ರಹಿಕೆ. ಸೀನರಿಗೆ ಅಷ್ಟು ಆಯುಷ್ಯವೂ ಇಲ್ಲ. 2006ರ ಆವೃತ್ತಿಗೆ ಮಾಡಿದ ಸೀನರಿ 2020ರ ಆವೃತ್ತಿಯಲ್ಲಿ ಹಾಗೆಯೇ ನಡೆಯಲಿಲ್ಲ; ನಿಜವಾದ ನಿಲ್ದಾಣದಲ್ಲಿ ಹೊಸ ಕಟ್ಟಡ ಬಂದರೂ ಸರಕು ಹಳತಾಗುತ್ತದೆ. ಮೂರು–ನಾಲ್ಕು ವರ್ಷಗಳಲ್ಲಿ ಮೌಲ್ಯವನ್ನು ಸಂಪೂರ್ಣ ಕಳೆಯುವುದೇ ಎಚ್ಚರಿಕೆಯ ಮಾರ್ಗ.

ಮೂರು ಕಾಗದಗಳು

ಈ ಕಸುಬಿಗೆ ಬೇಕಾದ ಕೈಚಳಕ ಜಿಲ್ಲೆಯಲ್ಲಿದೆ. ಇಲ್ಲದಿರುವುದು ಕಾಗದಪತ್ರದ ಶಿಸ್ತು. ಮೂರು ವಿಷಯಗಳಲ್ಲಿ ಉದಾಸೀನ ಸಲ್ಲದು.

ಮೊದಲನೆಯದು, ಕಚ್ಚಾ ಮಾಲಿನ ಹಕ್ಕು. ಅಂತರಜಾಲದ ನಕ್ಷೆಗಳಲ್ಲಿ ಕಾಣುವ ಉಪಗ್ರಹ ಚಿತ್ರವನ್ನು ನಕಲಿಸಿ ಮಾರುವುದು ಪರರ ಮಾಲನ್ನು ಮಾರಿದಂತೆಯೇ ಸರಿ. ವಿಮಾನ ನಿಯಮಗಳು, 1937ರ 13ನೆಯ ನಿಯಮ ನಿಲ್ದಾಣದಲ್ಲಿ ಅನುಮತಿಯಿಲ್ಲದ ಛಾಯಾಗ್ರಹಣವನ್ನು ನಿರ್ಬಂಧಿಸಿತ್ತು. ನಿಲ್ದಾಣದ ಬಳಿ ಡ್ರೋನ್ ಹಾರಿಸುವುದಕ್ಕೆ 2021ರ ಡ್ರೋನ್ ನಿಯಮಗಳ ಕಡಿವಾಣವಿದೆ. ಆದಕಾರಣ ಯಾವ ಚಿತ್ರ ಎಲ್ಲಿಂದ, ಯಾರ ಅನುಮತಿಯಿಂದ ಬಂತೆಂಬ ದಾಖಲೆ ಕಡತದಲ್ಲಿರಬೇಕು. ಬೀದರ್, ಲೇಹ್, ಲಡಾಖಿನಲ್ಲಿ 5,000 ಮೀಟರಿಗೂ ಎತ್ತರದಲ್ಲಿರುವ ದೌಲತ್ ಬೇಗ್ ಓಲ್ಡಿಯಂಥ ಸೇನಾ ನೆಲೆಗಳನ್ನು ಎಷ್ಟೇ ಬೇಡಿಕೆಯಿದ್ದರೂ ಮುಟ್ಟದಿರುವುದೇ ಕ್ಷೇಮ. ದೇಶದ ಉತ್ತರ ಗಡಿಯ ನೆಲೆ ಹವ್ಯಾಸಿಗೆ ರೋಚಕವೆನಿಸಬಹುದು. ತಯಾರಕನಿಗೆ ಅದು ಮೊಕದ್ದಮೆಯಾದೀತು. ಕಲಬುರಗಿ, ಶಿವಮೊಗ್ಗಗಳಂಥ ನಾಗರಿಕ ನಿಲ್ದಾಣಗಳಿಂದ ಆರಂಭಿಸುವುದು ವಿವೇಕ.

ಇಲ್ಲೊಂದು ತೊಡಕೂ ಇದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2021ರ ಫೆಬ್ರವರಿ 15ರಂದು ಹೊರಡಿಸಿದ ಮಾರ್ಗಸೂಚಿ ನಕ್ಷೆ ತಯಾರಿಕೆಗೆ ಪೂರ್ವಾನುಮತಿಯ ಕಟ್ಟುಪಾಡನ್ನು ತೆಗೆದು ಭಾರತೀಯ ಉದ್ದಿಮೆಗಳಿಗೆ ದೊಡ್ಡ ಉಪಕಾರ ಮಾಡಿತು. ಆದರೆ ಒಂದು ಮೀಟರಿಗಿಂತ ಸೂಕ್ಷ್ಮವಾದ ಭೂದತ್ತಾಂಶವನ್ನು ದೇಶದೊಳಗೇ ಇರಿಸಬೇಕೆಂದೂ ಅದು ವಿಧಿಸಿದೆ. ಸೀನರಿಯ ಗಿರಾಕಿ ಕೇಳುವುದು ಅದಕ್ಕಿಂತ ಸೂಕ್ಷ್ಮವಾದ ಚಿತ್ರವನ್ನು. ಅಂಗಡಿ ಇರುವುದು ವಿದೇಶದಲ್ಲಿ. ಕೈಯಿಂದ ಬರೆದ ಚಿತ್ರಕ್ಕೂ ಅಳತೆ ಮಾಡಿದ ದತ್ತಾಂಶಕ್ಕೂ ನಡುವಿನ ಗೆರೆಯನ್ನು ಇಲಾಖೆ ಸ್ಪಷ್ಟಪಡಿಸಬೇಕು. ಒಬ್ಬೊಬ್ಬ ಯುವಕ ಪತ್ರ ಬರೆದರೆ ಉತ್ತರ ಬರುವುದು ಕಷ್ಟ. ವಾಣಿಜ್ಯ ಮಂಡಳಿ ಬರೆದರೆ ಅದಕ್ಕೆ ತೂಕವುಂಟು.

ಎರಡನೆಯದು, ಒಡೆತನದ ಪತ್ರ. ಸ್ನೇಹಿತರು ಕೂಡಿ ಮಾಡಿದ ಕೆಲಸ ಹಣ ಬರುವವರೆಗೆ ಎಲ್ಲರದು. ಹಣ ಬಂದ ಮೇಲೆ ಯಾರದೆಂಬ ಪ್ರಶ್ನೆ ಏಳುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಪಾಲುದಾರಿಕೆ ಪತ್ರದಲ್ಲಿ ಪ್ರತಿಯೊಬ್ಬನ ಪಾಲು, ಒಬ್ಬ ಹೊರನಡೆದರೆ ಅವನು ರಚಿಸಿದ ಮಾದರಿಗಳ ಗತಿ – ಇವನ್ನು ಮೊದಲ ದಿನವೇ ಬರೆದಿಡಬೇಕು.

ಮೂರನೆಯದು, ರಫ್ತಿನ ಲೆಕ್ಕ. ಗಿರಾಕಿ ಹೊರದೇಶದವನಾಗಿ, ಹಣ ವಿದೇಶಿ ವಿನಿಮಯದಲ್ಲಿ ಬಂದು, ಕಾನೂನಿನ ಇತರ ಷರತ್ತುಗಳೂ ಪೂರೈಸಿದರೆ 2017ರ ಐಜಿಎಸ್‌ಟಿ ಕಾಯಿದೆಯಡಿ ಇದು ಶೂನ್ಯದರದ ರಫ್ತು. ನೋಂದಾಯಿತ ವರ್ತಕನು ಮುಚ್ಚಳಿಕೆ ಪತ್ರ ಸಲ್ಲಿಸಿ ತೆರಿಗೆ ಕಟ್ಟದೆಯೇ ಸರಬರಾಜು ಮಾಡಬಹುದು. ಆದರೆ ಗಿರಾಕಿ ಯಾರು? ವಿದೇಶದ ಆನ್‌ಲೈನ್ ಅಂಗಡಿಯೋ, ಆ ಅಂಗಡಿಯ ಮೂಲಕ ಕೊಳ್ಳುವ ಹವ್ಯಾಸಿಯೋ? ಆ ಹವ್ಯಾಸಿ ಪುಣೆಯವನೂ ಇರಬಹುದಲ್ಲವೇ? ಉತ್ತರ ಅಂಗಡಿಯ ಒಪ್ಪಂದದಲ್ಲಿರುತ್ತದೆ. ತೆರಿಗೆಯ ಹೊಣೆ ಆ ಒಂದು ವಾಕ್ಯವನ್ನೇ ಅವಲಂಬಿಸಿದೆ. ಓದದೆ ಒಪ್ಪಿಗೆಯ ಗುಂಡಿ ಒತ್ತುವ ಅಭ್ಯಾಸ ಇಲ್ಲಿ ದುಬಾರಿಯಾಗಬಲ್ಲದು. ಬಂದ ಪ್ರತಿಯೊಂದು ಹಣಕ್ಕೂ ಬ್ಯಾಂಕಿನಿಂದ ಜಮೆಯ ಪ್ರಮಾಣಪತ್ರ ಪಡೆದಿಡುವುದು ಅವಶ್ಯ.

ಮಂಡಳಿಯ ಪಾತ್ರ

ಬ್ಯಾಂಕಿನವರು ಲೇತ್ ಯಂತ್ರಕ್ಕೆ ಸಾಲ ಕೊಡುತ್ತಾರೆ, ಏಕೆಂದರೆ ಅದನ್ನು ಜಪ್ತಿ ಮಾಡಬಹುದು. ಸೀನರಿಯನ್ನು ಜಪ್ತಿ ಮಾಡಲು ಬಾರದೆಂಬುದು ಅವರ ಅಳುಕು. ಈ ಮೂರು ಕಾಗದಗಳೂ ಕ್ರಮವಾಗಿದ್ದು, ಎರಡು ವರ್ಷದ ಮಾರಾಟದ ದಾಖಲೆಯಿದ್ದರೆ ಆ ಅಳುಕಿಗೆ ಉತ್ತರ ಹೇಳಬಹುದು. ಇಲ್ಲವಾದರೆ ಬ್ಯಾಂಕಿನವರನ್ನು ದೂರಿ ಫಲವಿಲ್ಲ. ಮಂಡಳಿಯು ಎರಡೂ ತಾಂತ್ರಿಕ ವಿದ್ಯಾಲಯಗಳು, ದೃಶ್ಯಕಲಾ ಮಹಾವಿದ್ಯಾಲಯ, ಲೆಕ್ಕಪರಿಶೋಧಕರು ಹಾಗೂ ಬ್ಯಾಂಕ್ ವ್ಯವಸ್ಥಾಪಕರನ್ನು ಒಂದು ದಿನದ ಮಟ್ಟಿಗೆ ಒಂದೇ ಮೇಜಿನ ಸುತ್ತ ಕೂರಿಸಲಿ. ಒಂದು ಮಾದರಿ ಪಾಲುದಾರಿಕೆ ಪತ್ರ ಸಿದ್ಧಪಡಿಸಿ ಕೊಡಲಿ. ನಾಗರಿಕ ನಿಲ್ದಾಣಗಳಲ್ಲಿ ಛಾಯಾಗ್ರಹಣದ ಅನುಮತಿಗೆ ಸರಳ ವಿಧಾನ ರೂಪಿಸುವಂತೆ ವಿಮಾನ ನಿಲ್ದಾಣ ಪ್ರಾಧಿಕಾರವನ್ನು ಕೋರಲಿ.

ಕೈಪಳಗಿಸಿಕೊಳ್ಳಲು ದೂರ ಹೋಗಬೇಕಾಗಿಲ್ಲ. ದಾವಣಗೆರೆಗೂ ಹರಿಹರಕ್ಕೂ ನಡುವೆ ಬಾತಿಯ ಕೆರೆ ಇದೆ, ಗುಡ್ಡ ಇದೆ, ಹೆದ್ದಾರಿ ಇದೆ. ಅತ್ತ ತುಂಗಭದ್ರೆ ಹರಿಯುತ್ತಾಳೆ. ಈ ಹತ್ತಾರು ಕಿಲೋಮೀಟರ್ ನೆಲವನ್ನು ಮಳೆಗಾಲದ ಹಸಿರು, ಬೇಸಗೆಯ ಕಂದು ಸಮೇತ ಯಥಾವತ್ತಾಗಿ ರೂಪಿಸಬಲ್ಲ ವಿದ್ಯಾರ್ಥಿಗೆ ಯಾವ ದೇಶದ ಕಿರು ನಿಲ್ದಾಣವೂ ಅಸಾಧ್ಯವಲ್ಲ. ಆ ಕೆಲಸವನ್ನು ಅವನು ಉಚಿತವಾಗಿ ಹಂಚಿದರೂ ನಷ್ಟವಿಲ್ಲ. ಅದು ಅವನ ಮೊದಲ ಮಾದರಿ ಸರಕು. ಎರಡನೆಯದಕ್ಕೆ ಬೆಲೆ ಕಟ್ಟುವಾಗ ಅವನ ಕೈಯಲ್ಲಿ ಕ್ರಮವಾದ ಒಂದು ಖಾತೆ ಪುಸ್ತಕವಿರುವಂತೆ ನೋಡಿಕೊಳ್ಳುವುದು ಊರಿನ ವರ್ತಕ ಹಿರಿಯರ ಹೊಣೆ.