ಜರ್ಮನ್ ಕಲಿಯುವವರು ಬೇಕರಿಗೆ ಹೋಗಬೇಕು

ಜರ್ಮನ್ ಭಾಷೆಯಲ್ಲಿ ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ಎರಡೂ ಅಲ್ಲ. ಡೇರ್ ಲೋಫೆಲ್, ಡೀ ಗಾಬೆಲ್, ಡಾಸ್ ಮೆಸ್ಸರ್. ಪುಣೆಯಲ್ಲೋ ಚೆನ್ನೈಯಲ್ಲೋ ಮ್ಯಾಕ್ಸ್ ಮುಲ್ಲರ್ ಭವನದ ತರಗತಿಗೆ ಸೇರಿದ ಕನ್ನಡದ ವಿದ್ಯಾರ್ಥಿಗೆ ಇದು ಮೊದಲ ವಾರ ತಮಾಷೆ, ಎರಡನೆಯ ವಾರದಿಂದ ತಲೆನೋವು. ಕನ್ನಡದಲ್ಲಿ ಲಿಂಗ ಅರ್ಥದ ಹಿಂದೆ ಹೋಗುತ್ತದೆ. ಚಮಚವೂ ಚಾಕುವೂ ‘ಅದು’ವೇ. ಜರ್ಮನ್‌ನಲ್ಲಿ ಪ್ರತಿ ನಾಮಪದದ ಜೊತೆ ಅದರ ಲಿಂಗವನ್ನೂ ಬಾಯಿಪಾಠ ಮಾಡಬೇಕು. ಪಟ್ಟಿ ಬರೆದು ಗೋಡೆಗೆ ಅಂಟಿಸಿಕೊಂಡವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ. ಜರ್ಮನಿಯಲ್ಲಿ ಇಳಿದ ಮೇಲೆ ಬಾಯಿ ತೆರೆಯುವುದು ಬೇರೆಯೇ ಮಾತು.

ದಕ್ಷಿಣ ಜರ್ಮನಿಯ ಟ್ಯೂಬಿಂಗನ್ ಎಂಬ ವಿಶ್ವವಿದ್ಯಾಲಯದ ಊರಿಗೆ ಭಾಷೆ ಕಲಿಯಲು ಹೋದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ತರಗತಿ. ಮಧ್ಯಾಹ್ನ ಹಾಸ್ಟೆಲಿನ ಅಡುಗೆಮನೆಯಲ್ಲಿ ಇನ್ನಿಬ್ಬರು ಭಾರತೀಯರೊಂದಿಗೆ ಕುಕ್ಕರ್ ಇಡುತ್ತಾಳೆ. ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ಇದೆ. ಅಲ್ಲಿ ಮಾತೆಲ್ಲ ಹಿಂದಿ, ಇಂಗ್ಲಿಷ್. ಆರು ತಿಂಗಳ ನಂತರ ಅವಳಿಗೆ ಬಿ1 ಪ್ರಮಾಣಪತ್ರ ಸಿಗುತ್ತದೆ. ಆದರೆ ಬೇಕರಿಯ ಗಾಜಿನ ಮುಂದೆ ನಿಂತಾಗ ಈಗಲೂ ಬೆರಳು ತೋರಿಸಿ, ಇಂಗ್ಲಿಷಿನಲ್ಲಿ ಕೇಳುತ್ತಾಳೆ.

ಅವಳು ಸೋಮಾರಿಯಲ್ಲ. ಊಟವನ್ನು ಓದಿನಿಂದ ಬೇರೆ ಇಟ್ಟದ್ದಷ್ಟೇ ತಪ್ಪು. ಪರದೇಶದಲ್ಲಿ ಅಲ್ಲಿಯ ತಿಂಡಿಯನ್ನು ಆಸೆಪಟ್ಟು ತಿನ್ನುವುದು ಪ್ರವಾಸಿಗರ ಶೋಕಿ, ವಿದ್ಯಾರ್ಥಿಗೆ ದುಂದು ಎಂದು ಮನೆಯವರೂ ಅಂದುಕೊಂಡಿರುತ್ತಾರೆ. ಭಾಷೆ ಕಲಿಯಲು ಹೋದವರ ಮಟ್ಟಿಗೆ ಈ ಲೆಕ್ಕ ತಲೆಕೆಳಗು.

ಬೇಕರಿಯ ಒಂದು ವಾಕ್ಯವನ್ನೇ ನೋಡಿ. ‘ಇಶ್ ಹೆಟ್ಟೆ ಗೆರ್ನ್’ ಎಂದು ಶುರುಮಾಡಬೇಕು: ನನಗೆ ಇದು ಸಿಕ್ಕರೆ ಚೆನ್ನಾಗಿತ್ತು ಎನ್ನುವ ಹಾಗೆ. ವ್ಯಾಕರಣದ ಪುಸ್ತಕದಲ್ಲಿ ಇದು ಎಷ್ಟೋ ಪಾಠಗಳ ನಂತರ ಬರುವ ಕ್ರಿಯಾರೂಪ. ಅಂಗಡಿಯಲ್ಲಿ ಬರೀ ಮರ್ಯಾದೆಯ ಮಾತು. ಆಮೇಲೆ ‘ಐನೆನ್ ಕಾಫೆ’, ‘ಐನೆ ಬ್ರೆಟ್ಸೆಲ್’, ‘ಐನ್ ವೆಕ್ಲೆ’. ಕಾಫಿ ಗಂಡು, ಬ್ರೆಟ್ಸೆಲ್ ಹೆಣ್ಣು, ಪುಟ್ಟ ಬನ್ನು ನಪುಂಸಕ. ಮೂರೂ ಲಿಂಗ, ಜೊತೆಗೆ ದ್ವಿತೀಯಾ ವಿಭಕ್ತಿ, ಒಂದೇ ತಿಂಡಿಯಲ್ಲಿ. ದಿನಾ ಬೆಳಿಗ್ಗೆ ಹಸಿದುಕೊಂಡು ಹೇಳಿದ ವಾಕ್ಯ ಗೋಡೆಯ ಪಟ್ಟಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಆ ಬನ್ನಿನ ಹೆಸರೂ ಒಂದು ಪಾಠ. ಪಠ್ಯಪುಸ್ತಕದಲ್ಲಿ ಅದು ‘ಬ್ರೋಟ್ಶೆನ್’. ಟ್ಯೂಬಿಂಗನ್ನಿನ ಕಡೆ ‘ವೆಕ್ಲೆ’, ಬವೇರಿಯಾದಲ್ಲಿ ‘ಸೆಮ್ಮೆಲ್’, ಬರ್ಲಿನ್ನಿನಲ್ಲಿ ‘ಶ್ರಿಪ್ಪೆ’. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಆದರೆ ಜರ್ಮನ್ನರಿಗೂ ಊರಿಗೊಂದು ಭಾಷೆ ಉಂಟು ಎಂದು ತರಗತಿ ಹೇಳುವುದಕ್ಕಿಂತ ಮೊದಲೇ ಬೇಕರಿ ಹೇಳುತ್ತದೆ.

‘ನಾವು ಸಸ್ಯಾಹಾರಿಗಳು, ಅಲ್ಲಿ ತಿನ್ನುವುದೇನು?’ ಎಂಬ ಪ್ರಶ್ನೆ ನಿಜವಾದದ್ದು. ಆ ಕಡೆಯ ಮನೆಯೂಟದಲ್ಲಿ ಬೇಳೆ ಇದೆ; ಸ್ಪೆಟ್ಸ್ಲೆ ಎಂಬ ಮೊಟ್ಟೆ ಹಾಕಿದ ಹಿಟ್ಟಿನ ಎಳೆಗಳ ಜೊತೆ ಬಡಿಸುತ್ತಾರೆ, ಆದರೆ ತಟ್ಟೆಯಲ್ಲಿ ಸಾಮಾನ್ಯವಾಗಿ ಸಾಸೇಜೂ ಇರುತ್ತದೆ. ಈರುಳ್ಳಿಯ ಕೂಖೆನ್ ಎಂದರೆ ಬರೀ ಈರುಳ್ಳಿ ಅಂದುಕೊಂಡರೆ ಒಳಗೆ ಹಂದಿಮಾಂಸದ ಚೂರು ಸಿಗಬಹುದು. ಆದ್ದರಿಂದ ಕೇಳಲೇಬೇಕು: ‘ಇಸ್ಟ್ ಡಾ ಫ್ಲೈಶ್ ಡ್ರಿನ್?’ ಅದರಲ್ಲಿ ಮಾಂಸ ಇದೆಯೇ? ಏನು ಹಾಕಿದ್ದೀರಿ, ಅದಿಲ್ಲದೆ ಕೊಡಬಹುದೇ? ಎಲ್ಲವನ್ನೂ ತಿನ್ನುವವನು ಒಂದು ಪದದಲ್ಲಿ ಮುಗಿಸುವ ಕೆಲಸಕ್ಕೆ ಸಸ್ಯಾಹಾರಿ ನಾಲ್ಕು ವಾಕ್ಯ ಹೇಳಬೇಕು. ಭಾಷೆ ಕಲಿಯುವವರಿಗೆ ಇದು ಅಡ್ಡಿಯಲ್ಲ, ಲಾಭ. ಮೊಟ್ಟೆ ತಿನ್ನುವವರಿಗೆ ಚೀಸು, ಹುರಿದ ಈರುಳ್ಳಿ ಬೆರೆಸಿದ ಬಿಸಿ ಸ್ಪೆಟ್ಸ್ಲೆ ಇದೆ; ತಿನ್ನದವರಿಗೆ ರೈ ಹಿಟ್ಟಿನ ಹುಳಿಬ್ರೆಡ್ಡು, ಬೆಣ್ಣೆ ಇದೆ. ಜರ್ಮನ್ ಬ್ರೆಡ್ ಸಂಸ್ಕೃತಿಯನ್ನು ಆ ದೇಶ 2014ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ. ಹೊರಗೆ ತಿಂದರೆ ದುಡ್ಡು ಸಾಲದು ಎನ್ನುವವರಿಗೆ ವಿದ್ಯಾರ್ಥಿಗಳ ‘ಮೆನ್ಸಾ’ ಕ್ಯಾಂಟೀನುಗಳಿವೆ, ರಿಯಾಯಿತಿ ದರದಲ್ಲಿ.

ಮನೆಯ ಸಾರು ಬಿಡಬೇಕೆಂದಲ್ಲ. ಚಳಿಗಾಲದ ಸಂಜೆ ನಾಲ್ಕೂವರೆಗೇ ಕತ್ತಲಾದಾಗ ಒಂದು ಲೋಟ ಸಾರು ಔಷಧಿ. ಆದರೆ ಅದು ಸಂಜೆಗಿರಲಿ. ಬೆಳಗ್ಗೆ, ಮಧ್ಯಾಹ್ನ ಊರಿನ ಜನರ ಜೊತೆ ಕಳೆಯಲಿ. ಎದುರಿನವರು ಇಂಗ್ಲಿಷಿಗೆ ಹೊರಳಿದರೂ ಪಟ್ಟು ಬಿಡದೆ ಜರ್ಮನ್‌ನಲ್ಲೇ ಮುಂದುವರಿಸಬೇಕು.

ಇದೇ ಟ್ಯೂಬಿಂಗನ್ನಿನಲ್ಲಿ 1903ರಲ್ಲಿ ತೀರಿಕೊಂಡವರು ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದು ಕನ್ನಡ ಕಲಿತು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟವರು. ಆ ನಿಘಂಟಿನಲ್ಲಿ ಹಳೆಯ ಕಾವ್ಯಗಳ ಪದಗಳ ಪಕ್ಕದಲ್ಲೇ ಜನರ ಬಾಯಿಯ ಗಾದೆಗಳಿವೆ. ಕಾವ್ಯವನ್ನು ಓದಿ ಕಲಿಯಬಹುದು. ಗಾದೆ ಸಿಗುವುದು ಜನರ ನಡುವೆ.

ಮುಂಬಯಿ, ಪುಣೆ, ಹೈದರಾಬಾದಿನ ಕನ್ನಡದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯ ಎಷ್ಟೋ ಅಜ್ಜಿಯರು ಮರಾಠಿಯನ್ನೋ ತೆಲುಗನ್ನೋ ಕಲಿತದ್ದು ತರಕಾರಿ ಗಾಡಿಯ ಮುಂದೆ, ಚೌಕಾಸಿ ಮಾಡುತ್ತ. ಮೊಮ್ಮಕ್ಕಳು ಜರ್ಮನಿಗೆ ಹೊರಟಾಗ ಸಾರಿನ ಪುಡಿಯ ಜೊತೆ ಈ ಬುದ್ಧಿಯನ್ನೂ ಕಟ್ಟಿಕೊಡಲಿ.